ಸುಗ್ಗಿಯಲ್ಲಿ ಹೊರಬಂದ ಚೆನ್ನೆಮಣೆ

ನನ್ನ ದೊಡ್ಡಮ್ಮ ಅಮ್ಮಣಿಗೆ ಬುದ್ಧಿ ಹೋಗಿದೆ ಎಂದು ನರಿಕೊಂಬಿನ ನನ್ನ ತವರು ಮನೆಯವರು ತೀರ್ಮಾನಿಸಿದ್ದು ಅವಳ ಮಾತು ಹೋದ ವಾರದಲ್ಲೇ. ಆ ಮನೆಯಲ್ಲಿ ಬೇರೆ ಯಾವ ಕೆಲಸವೂ ಇಷ್ಟು ಅವಸರದಲ್ಲಿ ಆದದ್ದನ್ನು ನಾನು ಕಂಡಿಲ್ಲ.

1958ರ ಸುದ್ದಿ ಇದು. ನಮ್ಮಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುವಂಥದ್ದು. ಹಿರಿಯವಳಾದ ದೊಡ್ಡಮ್ಮನೇ ಯಜಮಾನ್ತಿ. ಭತ್ತ ತುಂಬಿದ ಪತ್ತಾಯದ್ದೂ ಸೇರಿ ಎಲ್ಲ ಬೀಗದ ಕೈಗಳು ಅವಳ ಸೊಂಟದಲ್ಲಿ. ಯಾವ ಗದ್ದೆಗೆ ಯಾವ ಬೀಜ, ಯಾವ ಒಕ್ಕಲಿನ ಮೇಲೆ ಎಷ್ಟು ಕರುಣೆ, ಎಲ್ಲವೂ ಅವಳ ಬಾಯಿಂದಲೇ ಬರಬೇಕು.

ಒಂದು ಬೆಳಿಗ್ಗೆ ಬಚ್ಚಲಿನ ಹತ್ತಿರ ಕುಸಿದುಬಿದ್ದಳು. ಎಬ್ಬಿಸಿ ಕೂರಿಸಿದಾಗ ಬಲಗೈ ಜೋತುಬಿದ್ದಿತ್ತು. ಬಾಯಲ್ಲಿ ಉಳಿದದ್ದು ಒಂದೇ ಶಬ್ದ: ಉಪ್ಪು. ನೀರು ಬೇಕಾದರೂ ಉಪ್ಪು, ದನ ತೋಟಕ್ಕೆ ನುಗ್ಗಿದರೂ ಉಪ್ಪು. ಸುದ್ದಿ ಕೇಳಿ ಪುತ್ತಿಗೆಯ ಗಂಡನ ಮನೆಯಿಂದ ನಾನು ಓಡಿಬಂದಾಗ ನನ್ನ ಕೆನ್ನೆ ಸವರಿ ಕಣ್ಣೀರು ಹಾಕಿದಳು. ಆಗಲೂ ಉಪ್ಪು. ಮೊದಮೊದಲು ಅಡುಗೆಯವಳು ನಿಜವಾಗಿಯೂ ಉಪ್ಪು ತಂದಿಟ್ಟಳು. ದೊಡ್ಡಮ್ಮ ಅದನ್ನು ಎಡಗೈಯಲ್ಲಿ ಎತ್ತಿ ಅಂಗಳಕ್ಕೆ ಎಸೆದಳು. ತಾನು ಹೇಳಬೇಕೆಂದಿದ್ದು ಅದಲ್ಲ ಎಂದು ಅವಳಿಗೆ ಗೊತ್ತಿತ್ತು! ಗೊತ್ತಿದ್ದದ್ದು ಬಾಯಿಗೆ ಬರುತ್ತಿರಲಿಲ್ಲ. ಇಷ್ಟು ಸಣ್ಣ ವಿಷಯ ಯಾರ ತಲೆಗೂ ಹೋಗಲಿಲ್ಲ ಮಾರಾಯ್ರೆ.

ಬಂಟ್ವಾಳದಿಂದ ಡಾಕ್ಟರರನ್ನು ಕರೆಸಿದರು. "ಮಾತಿಗೆ ಏಟು ಬಿದ್ದಿದೆ. ಬುದ್ಧಿ ಹೇಗೆ ಉಂಟೋ, ಮಾತಿಲ್ಲದೆ ನಾನು ಹೇಗೆ ನೋಡ್ಲಿ?" ಎಂದು ಅವರು ಚೀಲ ಎತ್ತಿಕೊಂಡು ಹೋದರು.

ದೊಡ್ಡಮ್ಮನ ತಮ್ಮ, ನನ್ನ ಮಾವ ವೆಂಕಪ್ಪನಿಗೆ ಅಷ್ಟೇ ಸಾಕಾಯಿತು. "ಮಾತೇ ಇಲ್ಲದ ಮೇಲೆ ಯೋಚನೆ ಎಲ್ಲಿಂದ ಬರ್ತದೆ? ಬೀಗದ ಕೈ ಸೇಸಮ್ಮನಿಗೆ ಕೊಡುವ" ಎಂದ. ಸೇಸಮ್ಮ ನನ್ನ ತಾಯಿ, ದೊಡ್ಡಮ್ಮನ ತಂಗಿ. ಅಣ್ಣ ಹಾಕಿದ ಗೆರೆ ದಾಟಿದವಳಲ್ಲ. ಬೀಗದ ಕೈ ಅವಳ ಸೊಂಟಕ್ಕೆ ಬಂದರೆ ಕಾರುಬಾರು ಮಾವನದ್ದೇ ಎಂಬುದು ಮನೆಯ ನಾಯಿಗೂ ಗೊತ್ತಿತ್ತು.

"ಅಂಬೆಗಾಲಿಡುವ ಮಗುವಿಗೆ ಮಾತು ಬರುವ ಮೊದಲೇ ಬೆಲ್ಲದ ಡಬ್ಬಿ ಎಲ್ಲಿ ಉಂಟು ಅಂತ ಗೊತ್ತಿರ್ತದೆ. ಅದಕ್ಕೆ ಯೋಚನೆ ಇಲ್ವಾ ಮಾವ?" ಎಂದು ಕೇಳಿದೆ.

"ಕುಸುಮಾ, ನೀನು ಮದುವೆ ಮಾಡಿ ಕೊಟ್ಟ ಹೆಣ್ಣು. ನಡುವೆ ಬಾಯಿ ಹಾಕ್ಬೇಡ."

ಮಾವನಿಗೆ ಮಾತು ಧಾರಾಳವಾಗಿತ್ತು. ಅದರ ಹಿಂದೆ ಬುದ್ಧಿ ಎಷ್ಟಿದೆ ಎಂದು ನೋಡಲು ಯಾರೂ ಡಾಕ್ಟರರನ್ನು ಕರೆಸಲಿಲ್ಲ.

ಸುಗ್ಗಿ ತಿಂಗಳ ಒಂದು ಬೆಳಿಗ್ಗೆ ಮನೆಯವರನ್ನೆಲ್ಲ ಚಾವಡಿಯಲ್ಲಿ ಸೇರಿಸಿದ. "ಅಕ್ಕಾ, ಬೀಗದ ಕೈ ನಿಮ್ಮ ಹತ್ರವೇ ಇರ್ಬೇಕಾದ್ರೆ ಬಾಯಿ ಬಿಟ್ಟು ಹೇಳಿ" ಎಂದ. ಎಂಥ ಪ್ರಶ್ನೆ, ನೋಡಿ!

"ಉಪ್ಪು" ಎಂದಳು ದೊಡ್ಡಮ್ಮ. ಮಾವ ಎಲ್ಲರ ಮುಖ ನೋಡಿದ.

ದೊಡ್ಡಮ್ಮ ಬೇಸರದಿಂದ ತಲೆ ಕೊಡವಿ ಎದ್ದಳು. ಗೋಡೆ ಹಿಡಿದುಕೊಂಡು ಒಳಗೆ ಹೋದವಳು ಚೆನ್ನೆಮಣೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದಳು. ಗುಳಿ ತೋಡಿದ ಆ ಮಣೆಯಲ್ಲಿ ಕಾಯಿಗಳನ್ನು ಹಂಚುತ್ತ, ಎದುರಿನವರ ಮುಂದಿನ ಆಟವನ್ನೂ ಮನಸ್ಸಿನಲ್ಲೇ ಎಣಿಸಿ ಆಡಬೇಕು. ಮಾತೇ ಬೇಡ. ಅದರಲ್ಲಿ ಅವಳನ್ನು ಸೋಲಿಸಿದವರು ನಮ್ಮ ಗ್ರಾಮದಲ್ಲಿರಲಿಲ್ಲ. ಹೇಳಲಾಗದ್ದನ್ನು ಹೀಗಾದರೂ ತೋರಿಸುತ್ತೇನೆ ಎಂದು ಆ ಜೀವ ಉಪಾಯ ಮಾಡಿತ್ತು.

ಆದರೆ ಚೆನ್ನೆ ಆಡುವುದು ಜಡಿಮಳೆಯ ಆಟಿ ತಿಂಗಳಲ್ಲಿ ಮಾತ್ರ. ಆಟಿ ಕಳೆದ ಮೇಲೆ ಮಣೆ ಹೊರಗೆ ತೆಗೆದರೆ ಮನೆಗೆ ಕೇಡು. ಅದು ಅವಳಿಗೆ ಗೊತ್ತಿರಲಿಲ್ಲವೇ? ಮಣೆ ಕೆಳಗಿಟ್ಟು ಕೈಮುಗಿಯಲು ಹೋದಳು, ಬಲಗೈ ಏಳಲಿಲ್ಲ. ಎಡಗೈಯನ್ನೇ ಹಣೆಗೆ ಮುಟ್ಟಿಸಿ ತಪ್ಪು ಬೇಡಿಕೊಂಡಳು. ಅದನ್ನು ನೋಡಿದವಳು ನಾನೊಬ್ಬಳೇ. ಉಳಿದವರು ಹಾವು ಕಂಡಂತೆ ಹಿಂದೆ ಸರಿದಿದ್ದರು.

"ಶಿವ ಶಿವಾ, ಸುಗ್ಗಿಯಲ್ಲಿ ಚೆನ್ನೆಮಣೆ!" ಎಂದು ನನ್ನ ತಾಯಿ ಅತ್ತಳು. ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡುವ ಕ್ರಮವೂ ನಮ್ಮಲ್ಲಿಲ್ಲ. ಕೇಡು ಬಂದರೆ ನನಗೇ ಬರಲಿ ಎಂದು ನಾನು ಕೂತೆ. ದೊಡ್ಡಮ್ಮ ಎಡಗೈಯಲ್ಲಿ ಕಾಯಿ ಹಂಚಿದಳು. ನಾನು ಪಟ್ಟು ಹಿಡಿದು ಆಡಿದರೂ ಸ್ವಲ್ಪ ಹೊತ್ತಿನಲ್ಲೇ ನನ್ನ ಗುಳಿಗಳು ಬರಿದಾದವು.

"ನೋಡಿದ್ರಾ!" ಎಂದೆ.

"ಅದು ಕೈಗೆ ಆದ ಅಭ್ಯಾಸ" ಎಂದ ಮಾವ.

"ಅಭ್ಯಾಸ ಇದ್ದದ್ದು ಬಲಗೈಗೆ. ಈಗ ಆಡಿದ್ದು ಎಡಗೈ!"

"ತಲೆ ಸರಿ ಇದ್ದವರು ಸುಗ್ಗಿಯಲ್ಲಿ ಅದನ್ನು ಮುಟ್ತಾರಾ?"

ಸುತ್ತಲಿದ್ದವರೆಲ್ಲ ಹೌದು ಹೌದು ಎಂದರು. ಅವಳು ತಂದ ಸಾಕ್ಷಿಯನ್ನೇ ಅವಳ ತಲೆಗೆ ಹೊಡೆದರು. ಮಾವ ಅಕ್ಕನ ಸೊಂಟದಿಂದ ಬೀಗದ ಕೈಗಳ ಗೊಂಚಲು ಬಿಚ್ಚಿಸಿ ನನ್ನ ತಾಯಿಯ ಕೈಯಲ್ಲಿಟ್ಟ. ನಾನು ಊಟ ಮಾಡದೆ ಪುತ್ತಿಗೆಗೆ ಹೊರಟುಬಂದೆ.

ಆಟಿ ಬಂತು. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗಿ ಕೂರುವ ತಿಂಗಳು, ನಾನೂ ಹೋದೆ. ಈಗ ಮಣೆ ಹೊರಗಿಡಲು ಯಾರ ಅಡ್ಡಿಯೂ ಇರಲಿಲ್ಲ. ನೆರೆಕರೆಯ ಹೆಂಗಸರು ಒಬ್ಬೊಬ್ಬರಾಗಿ ಕೂತು ದೊಡ್ಡಮ್ಮನೆದುರು ಸೋತರು. ಎಲೆಯಡಿಕೆ ಜಗಿಯುತ್ತ ನೋಡುತ್ತಿದ್ದ ಮಾವ ತೊಡೆ ತಟ್ಟಿ, "ತಲೆ ಅಂದ್ರೆ ನಮ್ಮ ಅಕ್ಕನ ತಲೆ!" ಎಂದು ನಕ್ಕ.

ನನಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ಬೀಗದ ಕೈ ವಾಪಸು ಕೊಡಿ" ಎಂದೆ.

ನಗು ನಿಂತಿತು. ನನ್ನ ತಾಯಿ ಸೊಂಟದ ಗೊಂಚಲಿನ ಮೇಲೆ ಕೈಯಿಟ್ಟುಕೊಂಡು ಅಣ್ಣನನ್ನು ನೋಡಿದಳು. ದೊಡ್ಡಮ್ಮ ಆಟ ಬಿಟ್ಟು ಎಡಗೈ ಚಾಚಿದಳು. ಅವಳ ಕಣ್ಣು ಆ ಗೊಂಚಲಿನ ಮೇಲೆಯೇ ಇತ್ತು.

"ಉಪ್ಪು" ಎಂದಳು.

ಮಾವ ಅಡುಗೆಮನೆಯ ಕಡೆ ತಿರುಗಿ ಕೂಗಿದ: "ಯಾರಲ್ಲಿ? ಅಕ್ಕನಿಗೆ ಸ್ವಲ್ಪ ಉಪ್ಪು ತಂದುಕೊಡಿ."