ಮೂರನೇ ದಿನವೂ ಖಾಲಿ ಹೊಟ್ಟೆ

"ಇವತ್ತೂ ಆಗಲ್ಲಮ್ಮಾ, ನಾಳೆ ಖಾಲಿ ಹೊಟ್ಟೇಲಿ ಬನ್ನಿ" ಎಂದು ಸ್ಕ್ಯಾನಿಂಗ್ ಕೌಂಟರಿನ ಹುಡುಗಿ ಮೂರನೇ ದಿನವೂ ನಮ್ಮ ಹಳದಿ ರೇಷನ್ ಕಾರ್ಡನ್ನು ವಾಪಸ್ ಕೊಟ್ಟಳು. ಆಸ್ಪತ್ರೆ ಸರ್ಕಾರದ್ದು, ಸ್ಕ್ಯಾನಿಂಗ್ ಖಾಸಗಿ ಕಂಪನಿಯದು. ಬಡವರಿಗೆ ಉಚಿತ ಎಂಬ ಬೋರ್ಡೇನೋ ಇತ್ತು. ಆದರೆ ದುಡ್ಡು ಕಟ್ಟಿದವರದ್ದೆಲ್ಲ ಮುಗಿದು ಹೊತ್ತು ಉಳಿದರೆ ಮಾತ್ರ ನಮ್ಮ ಸರದಿ. ಹೊರಮಾವಿನಿಂದ ಮೊದಲ ಬಸ್ಸಿಗೆ ಬಂದ ನನ್ನ ಅತ್ತೆ, ಹೊಟ್ಟೆನೋವು ತಡೆದುಕೊಂಡು ಮಧ್ಯಾಹ್ನ ಮೂರರವರೆಗೆ ಏನೂ ತಿನ್ನದೆ ಕೂತಿದ್ದರು.

ಅವರು ಎದ್ದು ಹೋಗಿ ಕೇಳಿಯೇಬಿಟ್ಟರು: "ಏಕಾದಶಿ ಉಪವಾಸಾನೂ ಮಾರನೇ ದಿನ ಬಿಡ್ತೀವಿ ಕಣಮ್ಮಾ. ನಿಮ್ಮ ಈ ಉಪವಾಸ ಯಾವತ್ತು ಮುಗಿಯತ್ತೆ?"

ಹುಡುಗಿ ಮುಂದಿನ ರಸೀದಿಗೆ ಕೈ ಚಾಚಿದಳು. ದುಡ್ಡು ಕಟ್ಟಿ ಕಾಯುತ್ತಿದ್ದ ಬುರ್ಖಾದ ಹೆಂಗಸೊಬ್ಬರು ತಮ್ಮ ರಸೀದಿ ಮುಂದಿಟ್ಟು, "ನಮ್ದು ಆಮೇಲೆ ಮಾಡಿ, ಈ ಅಮ್ಮನ್ನ ಮೊದ್ಲು ಕಳ್ಸಿ" ಎಂದರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ಅಂದು ಸ್ಕ್ಯಾನ್ ಆಯಿತು.

ಕೆಟ್ಟದ್ದೇನೂ ಕಾಣಲಿಲ್ಲ, ದೇವರ ದಯೆ. ಆದರೆ ಈಗ ನೋವು ಬಂದರೆ ಅತ್ತೆ ನನಗೆ ಹೇಳುವುದೇ ಇಲ್ಲ. ತಾವೇ ಒಂದಿಷ್ಟು ಜೀರಿಗೆ ಕಷಾಯ ಕಾಯಿಸಿ ಕುಡಿದು, ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ.