ತಲೆಗೆ ತಣ್ಣೀರು

೧೯೪೬ರ ಪುಷ್ಯ ಮಾಸದ ಒಂದು ಸೋಮವಾರ, ಬೆಳಗಿನ ಐದು ಗಂಟೆ. ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿತ್ತಲಲ್ಲಿ ಮೂವರಿದ್ದೆವು: ಕಲ್ಲಿನ ಮೇಲೆ ಕುಳಿತ ಅಪ್ಪ, ಲಾಂದ್ರ ಹಿಡಿದ ಅವ್ವ, ಬಾವಿಯಿಂದ ನೀರು ಸೇದುತ್ತಿದ್ದ ನಾನು. ನನಗಾಗ ಇಪ್ಪತ್ತೆರಡು.

ಅಪ್ಪನಿಗೆ ಕೆಲವು ತಿಂಗಳಿಂದ ಹಿಂದಲೆ ನೋವು. ದಿನವಿಡೀ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ತುಳಿಯುವವರಿಗೆ ಕಾಲಿನ ಉಷ್ಣ ತಲೆಗೇರುತ್ತದೆಂಬುದು ನಮ್ಮ ನೇಕಾರರ ಬೀದಿಯ ನಂಬಿಕೆ. ಸೂರ್ಯ ಹುಟ್ಟುವ ಮೊದಲು ನೆತ್ತಿಗೆ ತಣ್ಣೀರು ಹೊಯ್ಯುವುದೇ ಮದ್ದು. ನಲವತ್ತು ದಿನ, ದಿನಕ್ಕೆ ಹನ್ನೊಂದು ಬಿಂದಿಗೆ. ಆ ಕೆಲಸ ನನ್ನದು. ಒಂದು ದಿನವೂ ತಪ್ಪಿಸಿರಲಿಲ್ಲ.

"ಚಳಿ ಜಾಸ್ತಿ ಐತೆ, ಇವತ್ತೊಂದಿನ ಬಿಡೋ," ಎಂದಳು ಅವ್ವ.

"ಮಧ್ಯ ಬಿಟ್ರೆ ಮಾಡಿದ್ದೆಲ್ಲ ದಂಡ ಕಣವ್ವ."

"ಗಡಿಯಾರ ನುಂಗಿ ಹುಟ್ಟವ್ನೆ ನಿನ್ ಮಗ," ಎಂದು ಅಪ್ಪ ಹಲ್ಲು ಕಡಿಯುತ್ತಲೇ ನಕ್ಕರು. "ಹುಯ್ಯಪ್ಪಾ, ಹುಯ್ಯಿ."

ಏಳನೆಯ ಬಿಂದಿಗೆಗೆ ಅವರ ಬಲಗೈ ತೊಡೆಯಿಂದ ಜಾರಿತು. ಏನೋ ತೊದಲಿದರು. ಚಳಿಗೆ ಇರಬೇಕೆಂದು ಎಂಟನೆಯದನ್ನೂ ಹೊಯ್ದೆ. ಅಪ್ಪ ಪಕ್ಕಕ್ಕೆ ವಾಲಿ ಬಿದ್ದರು.

ಎಂಟು ಗಂಟೆಗೆ ಡಾಕ್ಟರನ್ನು ಕರೆತಂದೆ. ಅವರು ಅಪ್ಪನ ಎಡತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಪಾದರಸ ಏರಿದ್ದು ನೋಡಿ ಮತ್ತೊಮ್ಮೆ ಒತ್ತಿದರು. ನಡೆದದ್ದನ್ನೆಲ್ಲ ಹೇಳಿದೆ.

"ಇದು ಉಷ್ಣ ಅಲ್ಲಪ್ಪಾ, ರಕ್ತದ ಒತ್ತಡ," ಎಂದರು. "ರಕ್ತನಾಳದ ಗೋಡೇಲಿ ಸಣ್ಣ ಸ್ನಾಯು ಇರ್ತದೆ. ಚಳಿ ತಗುಲಿದ್ರೆ ಬಿಗಿಯುತ್ತೆ, ನಾಳ ಕಿರಿದಾಗುತ್ತೆ, ಒತ್ತಡ ಏರುತ್ತೆ. ಬೆಚ್ಚಗಾದ್ರೆ ಸಡಿಲ ಆಗ್ಬೇಕು. ಇವರ ನಾಳ ಮೊದಲೇ ಬಿಗಿದಿತ್ತು. ತಲೆ ಒಳಗೆ ಒಂದು ಒಡೆದಿರ್ಬೇಕು."

"ಸಡಿಲ ಮಾಡೋ ಔಷಧಿ ಕೊಡಿ ಸ್ವಾಮಿ," ಎಂದಳು ಅವ್ವ.

"ಅಂಥದ್ದು ನನ್ನ ಹತ್ರ ಇಲ್ಲ ತಾಯಿ. ಬೆಂಗಳೂರಲ್ಲೂ ಸಿಗೋದು ಅನುಮಾನ."

ಅವರನ್ನು ಬಾಗಿಲವರೆಗೆ ಬಿಡಲು ಹೋದವನು ಕೇಳಿದೆ: "ನಾನು ಹುಯ್ಯದೆ ಇದ್ದಿದ್ರೆ?"

"ಹಂಗೂ ಆಗ್ತಿತ್ತೇನೋ. ಹೇಳಕ್ಕಾಗಲ್ಲ."

ಉಪ್ಪಿಲ್ಲದ ಗಂಜಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು: ಡಾಕ್ಟರು ಹೇಳಿಹೋದದ್ದು ಇಷ್ಟೇ. ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ತಪ್ಪದೆ ಹೊರಳಿಸಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು; ನಾಲಿಗೆ ಹೊರಳಲಿಲ್ಲ. ಆರು ಗಂಟೆಗೆ ಎಡಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ಹಳೆಯ ಸೀರೆಯ ಸುರುಳಿ ಒತ್ತುಕೊಟ್ಟು, ಬಲಗೈಯನ್ನು ನಾನೇ ಎತ್ತಿ ಹೊದಿಕೆಯೊಳಗೆ ಇಟ್ಟೆ.