ಅಕ್ಕ ಓಡಿಸಬೇಕಿದ್ದ ಬೈಕು

ಸೋಮವಾರಪೇಟೆ ಕಡೆಯ ನಾವು ಬೈಕಿನ ಸೆಲ್ಫ್ ಬಟನ್‌ಗೆ ಹೆಚ್ಚು ಬೆಲೆ ಕೊಡುವವರಲ್ಲ. ಗೇಟಿನಾಚೆ ಇಳಿಜಾರು ಇದ್ದೇ ಇರುತ್ತದೆ. ರಾತ್ರಿ ಗಾಡಿಯ ಮುಖ ಕೆಳಗೆ ಮಾಡಿ ನಿಲ್ಲಿಸುವುದು, ಬೆಳಿಗ್ಗೆ ಸೆಕೆಂಡ್ ಗೇರಿಗೆ ಹಾಕಿ ಉರುಳಿಸಿ ಕ್ಲಚ್ ಬಿಡುವುದು. ಹೀಗಾಗಿ ನನ್ನ ಬೈಕಿನ ನ್ಯೂಟ್ರಲ್ ದೀಪ ಯಾವಾಗ ಕೆಟ್ಟಿತೋ ನನಗೇ ಗೊತ್ತಿಲ್ಲ.

ಹೋದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಅಕ್ಕ ಬಂದಿದ್ದಳು. ಮಂಗಳೂರಿನಲ್ಲಿ ಅವಳ ಸಂಸಾರ. ಓಡಾಟವೆಲ್ಲ ಭಾವನ ಕಾರಿನಲ್ಲಿ. ಮದುವೆಗೆ ಮುಂಚೆ ಇದೇ ಬೈಕಿನಲ್ಲಿ ಕಲಿತವಳು, ಆಮೇಲೆ ಹ್ಯಾಂಡಲ್ ಮುಟ್ಟಿರಲಿಲ್ಲ. ಹೊರಡುವ ಹಿಂದಿನ ದಿನ, "ನಾಳೆ ಬಸ್‌ಸ್ಟ್ಯಾಂಡಿಗೆ ನಾನೇ ಓಡಿಸ್ತೀನಿ ಕಣೋ, ನೀನು ಹಿಂದೆ ಕೂತ್ಕೋ" ಎಂದಳು. ತವರಿಗೆ ಬಂದು ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ಹುರುಪಿನಿಂದ ಗಾಡಿಯನ್ನು ಮನೆಯಂಗಳದ ಕಣಕ್ಕೆ ಇಳಿಸಿ, ತೊಳೆದು ಫಳಫಳ ಮಾಡಿ ಅಲ್ಲೇ ನಿಲ್ಲಿಸಿದೆ.

ಬೆಳಿಗ್ಗೆ ಅಕ್ಕ ಚೂಡಿದಾರದ ದುಪ್ಪಟ್ಟಾ ಬಿಗಿದು ಕಟ್ಟಿ, ಹೆಲ್ಮೆಟ್ ಹಾಕಿ ಕೂತಳು. ಬಟನ್ ಒತ್ತಿದಳು. ಗಾಡಿ ಉಸಿರೆತ್ತಲಿಲ್ಲ. ಹಾರ್ನ್ ಜೋರಾಗಿಯೇ ಇತ್ತು, ಹೆಡ್‌ಲೈಟೂ ಸರಿ, ಬ್ಯಾಟರಿಯ ತಪ್ಪಲ್ಲ. ಸೈಡ್‌ಸ್ಟ್ಯಾಂಡ್ ಎತ್ತಿ ಇಳಿಸಿದೆ, ಸೀಟು ಬಿಚ್ಚಿ ಫ್ಯೂಸ್ ನೋಡಿದೆ. ಕಿಕ್ಕರ್ ಇಲ್ಲದ ಗಾಡಿ. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಕಣದ ತುಂಬ ಅಮ್ಮ ಆಗಷ್ಟೇ ಹರವಿದ ಕಾಫಿ ಹಣ್ಣು. ಅದರ ಮೇಲೆ ಚಪ್ಪಲಿ ಕಾಲಿಟ್ಟರೂ ಬೈಯುವ ಮನೆ ನಮ್ಮದು. ರಸ್ತೆಗೆ ಹತ್ತಿಸೋಣವೆಂದರೆ ಕಡಿದಾದ ಏರು.

ಅಷ್ಟರಲ್ಲಿ ಪಕ್ಕದ ತೋಟದ ಪಿಕಪ್ ಪೇಟೆಗೆ ಹೊರಟಿತು. ಬಸ್ಸಿಗೆ ಹೊತ್ತಾಗಿತ್ತು. ಅಕ್ಕ ಹೆಲ್ಮೆಟ್ ತೆಗೆದು ನನ್ನ ಕೈಗಿಟ್ಟಳು. "ಇರ್ಲಿ ಬಿಡು, ಇನ್ನೊಂದ್ಸಲ ಬಂದಾಗ ನೋಡೋಣ" ಎಂದು ನಕ್ಕು ಪಿಕಪ್ ಹತ್ತಿದಳು. ಮುಖ ಮಾತ್ರ ಸಪ್ಪಗಾಗಿತ್ತು.

ನಾನು ಸ್ಪ್ಯಾನರ್ ಹಿಡಿದು ಗಾಡಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಬಸ್ಸು ಮಾದಾಪುರ ದಾಟಿದ ಮೇಲೆ ಅವಳ ಫೋನ್ ಬಂತು.

"ಕ್ಲಚ್ ಹಿಡಿದು ಬಟನ್ ಒತ್ತು ನೋಡೋಣ."

ಒತ್ತಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ನ್ಯೂಟ್ರಲ್ ಸ್ವಿಚ್ ಸತ್ತಿತ್ತು. ಗೇರಿನಲ್ಲೇ ಇದ್ದೇನೆಂದು ಗಾಡಿ ಮೊಂಡು ಹಿಡಿದಿತ್ತು, ಅಷ್ಟೇ. ಗೇರಿನಲ್ಲಿದ್ದರೆ ಕ್ಲಚ್ ಹಿಡಿಯದೆ ಬಟನ್ ಕೆಲಸ ಮಾಡುವುದಿಲ್ಲ. ನ್ಯೂಟ್ರಲ್‌ನಲ್ಲಿ ಕ್ಲಚ್ ಹಿಡಿಯುವ ಅಭ್ಯಾಸವೇ ಇಲ್ಲದ ನನಗೆ ಅದು ಹೊಳೆದಿರಲಿಲ್ಲ.

"ನಿಂಗೆ ಹೆಂಗೆ ಗೊತ್ತಾಯ್ತಕ್ಕ?" ಎಂದೆ.

"ಗೊತ್ತೇನಿಲ್ಲ, ಬಸ್ಸಲ್ಲಿ ಕೂತಾಗ ಹೊಳೀತು. ಕಲಿಯೋವಾಗ ನಾನು ಯಾವಾಗ್ಲೂ ಕ್ಲಚ್ ಹಿಡ್ಕೊಂಡೇ ಒತ್ತುತಿದ್ದೆ. ನ್ಯೂಟ್ರಲ್ಲಲ್ಲೂ ಕ್ಲಚ್ ಹಿಡೀತಾಳೆ ಪುಕ್ಕಲಿ ಅಂತ ನೀನು ಎಲ್ಲರ ಮುಂದೆ ಆಡ್ಕೊಳ್ತಿದ್ದೆ, ಮರ್ತೋಯ್ತಾ? ಇವತ್ತೂ ಕೈ ಅಲ್ಲಿಗೇ ಹೋಯ್ತು. ನೀನು ಮತ್ತೆ ನಗ್ತೀಯ ಅಂತ ತೆಗೆದ್ಬಿಟ್ಟೆ."

ಅವಳು ನಗುತ್ತಲೇ ಹೇಳಿದಳು. ಫೋನ್ ಇಟ್ಟ ಮೇಲೂ ಎಂಜಿನ್ ಓಡುತ್ತಲೇ ಇತ್ತು, ಆರಿಸಲು ಕೈ ಬರಲಿಲ್ಲ.